ಉಂಡಿಯಲ್ಲಿ ಬೆರೆಸಿದ್ದು

ಆ ವರ್ಷ ಪಂಚಮಿಗೆ ಅಕ್ಕನನ್ನು ಕರೆತರಲು ಹೋಗುವ ಮನಸ್ಸು ನನಗಿರಲಿಲ್ಲ. ಹಿಂದಿನ ವರ್ಷ ಹೋಗಿರಲಿಲ್ಲ. ಅದರ ಹಿಂದಿನ ವರ್ಷವೂ ಶಾಲೆಯ ನೆವ ಹೇಳಿ ತಪ್ಪಿಸಿಕೊಂಡಿದ್ದೆ. ಆದರೆ ಹಬ್ಬ ಇನ್ನೂ ವಾರ ಇರುವಾಗ ಇಟ್ಟಿಗಿ ಎಂಬ ಊರಿನಿಂದ ಅಕ್ಕನ ಗಂಡನ ಫೋನು ಬಂತು. ನಾನು ಅವರನ್ನು ಮಾವ ಎನ್ನುತ್ತೇನೆ. ನನಗೆ ನೌಕರಿ ಸಿಕ್ಕ ದಿನದಿಂದ ಅವರು ನನ್ನನ್ನು ಮೇಷ್ಟ್ರ ಎನ್ನುತ್ತಾರೆ.

“ಮೇಷ್ಟ್ರ, ಈ ಸಲ ಕರಕೊಂಡು ಹೋಗ್ರಿ. ದಿನಾ ಮುಂಜಾನೆದ್ದು ಬಾಗಲಾಗ ಕುಂದರ್ತಾಳ. ತಮ್ಮ ಬರ್ತಾನ, ತಮ್ಮ ಬರ್ತಾನ ಅಂತಾಳ. ನನಗೂ ಸಾಕಾಗೈತಿ.”

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅವ್ವ ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ನಾಲ್ಕನೇ ಇಯತ್ತೆಗೆ ಅವಳ ಶಾಲೆ ನಿಂತದ್ದು ನನಗಾಗಿ. ಮದುವೆಯಾಗಿ ಇಟ್ಟಿಗಿಗೆ ಹೋದಳು. ಚೊಚ್ಚಲ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ. ಆಮೇಲೆ ಕೆಲವು ತಿಂಗಳಿಗೆ, ಗೋಡೆಯ ಆಚೆ ಯಾರೋ ತನ್ನ ಬಗ್ಗೆ ಮಾತಾಡುತ್ತಾರೆ ಎನ್ನತೊಡಗಿದಳು. ತಾನು ಉಣ್ಣುವ ಅನ್ನದಲ್ಲಿ ಏನೋ ಬೆರೆಸುತ್ತಾರೆ ಎಂದಳು. ಎರಡು ವರ್ಷ ದೇವರು, ತಾಯತ ಎಂದು ತಿರುಗಿಸಿದ ಮೇಲೆ ದಾವಣಗೆರೆಯ ಡಾಕ್ಟರರೊಬ್ಬರು ಕಾಯಿಲೆಗೆ ಒಂದು ಹೆಸರು ಹೇಳಿ ಗುಳಿಗೆ ಬರೆದುಕೊಟ್ಟರು. ಗುಳಿಗೆ ನುಂಗುವ ತಿಂಗಳುಗಳಲ್ಲಿ ಅಕ್ಕ ರೊಟ್ಟಿ ಬಡಿಯುತ್ತಾಳೆ, ಸಂತೆಗೆ ಹೋಗುತ್ತಾಳೆ, ನನ್ನ ಬೊಕ್ಕ ತಲೆ ನೋಡಿ ನಗುತ್ತಾಳೆ. ಒಂದು ದಿನ ಯಾರಿಗೂ ಹೇಳದೆ ಬಿಟ್ಟುಬಿಡುತ್ತಾಳೆ. ಮತ್ತೆ ಗೋಡೆ ಮಾತಾಡತೊಡಗುತ್ತದೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ.

ನಾನು ಹೋದಾಗ ಅಕ್ಕ ಹೊಸ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕುಳಿತಿದ್ದಳು. ತುಂಬ ಸೊರಗಿದ್ದಳು. ನನ್ನನ್ನು ನೋಡಿ ಎದ್ದಳು, ನೇರ ಬಸ್ ನಿಲ್ದಾಣದ ಕಡೆಗೆ ಹೊರಟೇಬಿಟ್ಟಳು. ಮಾವ ನನ್ನನ್ನು ಪಕ್ಕಕ್ಕೆ ಕರೆದು ಅಂಗಿಯ ಜೇಬಿನಿಂದ ಗುಳಿಗೆಯ ಹಾಳೆಗಳನ್ನು ತೆಗೆದುಕೊಟ್ಟರು.

“ಎರಡು ತಿಂಗಳಾತು, ಒಂದೂ ನುಂಗಿಲ್ಲ. ನಾ ಕೊಟ್ರ ಉಗುಳ್ತಾಳ. ನೀವರ ಹೆಂಗರ ಮಾಡಿ ಹೊಟ್ಟಿಗೆ ಹಾಕ್ರಿ.”

ಅವರು ಕೆಟ್ಟವರಲ್ಲ. ಎರಡು ಎಕರೆ ಮೆಕ್ಕೆಜೋಳ ನೋಡಿಕೊಂಡು, ಉಳಿದ ದಿನ ಗಾರೆ ಕೆಲಸಕ್ಕೆ ಹೋಗಿ ಬಂದು, ತಾವೇ ಅನ್ನ ಮಾಡಿ ಅಕ್ಕನಿಗೆ ಬಡಿಸುತ್ತಾರೆ. ಬೈಯುತ್ತಲೇ ಬಡಿಸುತ್ತಾರೆ.

ಬಸ್ಸಿನಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡೇ ಕುಳಿತಳು. ತುಟಿ ಅಲುಗುತ್ತಿತ್ತು. ಮುಂದಿನ ಸೀಟಿನ ಹೆಂಗಸು ಎರಡು ಸಲ ತಿರುಗಿ ನೋಡಿ, ಮೂರನೆಯ ಸಲ ತನ್ನ ಮಗುವನ್ನು ಆ ಕಡೆಗೆ ಸರಿಸಿಕೊಂಡಳು. ಕಿಟಕಿಯಾಚೆ ಮೆಕ್ಕೆಜೋಳ ಎದೆಯುದ್ದ ಬೆಳೆದಿತ್ತು. ನಾನು ಅದನ್ನೇ ನೋಡುತ್ತಿರುವವನಂತೆ ಕುಳಿತೆ. ಅವಳ ಕೈಯನ್ನು ಮಾತ್ರ ಬಿಡಲಿಲ್ಲ.

ಹರಪನಹಳ್ಳಿಯ ನಮ್ಮ ಮನೆಯಲ್ಲಿ ಆಗ ನಾನೂ ನನ್ನ ಹೆಂಡತಿಯೂ ಇಬ್ಬರೇ. ಹೆಂಡತಿ ಅಕ್ಕನ ಕಾಲಿಗೆ ಬಿಸಿನೀರು ಕೊಟ್ಟು, ಒಳಗೆ ಕರೆದು, ತಟ್ಟೆಯಲ್ಲಿ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ ಹಾಕಿಕೊಟ್ಟಳು. ಅದು ಹಬ್ಬದ ಮೊದಲ ದಿನ, ರೊಟ್ಟಿ ಪಂಚಮಿ. ಅಕ್ಕ ತಟ್ಟೆಯನ್ನು ನೋಡುತ್ತ ಕುಳಿತಳು, ಮುಟ್ಟಲಿಲ್ಲ.

“ನೀ ಮೊದ್ಲು ತಿನ್ನವ್ವಾ,” ಎಂದಳು.

ನನಗೆ ನಾಚಿಕೆಯಾಯಿತು. ಹೆಂಡತಿಗೆ ಆದಂತೆ ಕಾಣಲಿಲ್ಲ. “ಅದಕ್ಕೇನಕ್ಕಾ,” ಎಂದು ಪಕ್ಕದಲ್ಲೇ ಕುಳಿತು, ರೊಟ್ಟಿಯ ಅಂಚು ಮುರಿದು, ಪಲ್ಯ ಹಚ್ಚಿಕೊಂಡು ಬಾಯಿಗಿಟ್ಟಳು. ಚಟ್ನಿಯನ್ನೂ ನೆಕ್ಕಿ ತೋರಿಸಿದಳು. ಆಮೇಲೆ ಅಕ್ಕ ಎರಡು ರೊಟ್ಟಿ ಉಂಡಳು. ಅಷ್ಟು ಸಾಕಿತ್ತು. ನಾನು ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಆದರೆ ಸಂಜೆಗೆ ಅಕ್ಕ ಹಿತ್ತಲಲ್ಲಿ ಅತ್ತಿಂದಿತ್ತ ಓಡಾಡತೊಡಗಿದಳು. ಕಾಂಪೌಂಡಿನ ಗೋಡೆಗೆ ಮುಖ ಕೊಟ್ಟು ಜಗಳಕ್ಕೆ ನಿಂತಳು. “ನಾ ಏನ್ ಮಾಡೇನಿ ನಿಮಗ? ಏನ್ ಮಾಡೇನಿ?” ಎಂದು ಕೇಳುತ್ತಿದ್ದಳು. ಪಕ್ಕದ ಮನೆಯ ಕಿಟಕಿಯೊಂದು ತೆರೆದುಕೊಂಡು, ಮತ್ತೆ ಮುಚ್ಚಿತು. ಮೂರನೆಯ ದಿನ ನನ್ನ ಹೆಂಡತಿಯ ಇಬ್ಬರು ತಂಗಿಯರು, ಒಬ್ಬಳು ಕೊಟ್ಟೂರಿನಿಂದ, ಇನ್ನೊಬ್ಬಳು ಹಗರಿಬೊಮ್ಮನಹಳ್ಳಿಯಿಂದ, ಗಂಡಂದಿರ ಜೊತೆ ಊಟಕ್ಕೆ ಬರುವವರಿದ್ದರು. ಒಬ್ಬ ಷಡ್ಡಕ ಬ್ಯಾಂಕಿನವನು. ಹಿಂದೊಮ್ಮೆ ಅಕ್ಕ ಅವನ ಮುಂದಿನ ತಟ್ಟೆಯನ್ನು ಎತ್ತಿ ಹೊರಗೆ ಎಸೆದಿದ್ದಳು, ಅದರಲ್ಲಿ ವಿಷ ಇದೆ ಎಂದು. ಅವನನ್ನು ಉಳಿಸಲೆಂದೇ ಎಸೆದಿದ್ದಳು. ಅವನು ಮಾತ್ರ ಅದನ್ನು ಮರೆತಿರಲಿಲ್ಲ.

ಹೆಂಡತಿ ಒಳಗೆ ಶೇಂಗಾ ಉಂಡಿ ಕಟ್ಟುತ್ತಿದ್ದಳು. ನಾನು ಗುಳಿಗೆಯ ಹಾಳೆ ತೆಗೆದು ಅವಳ ಮುಂದಿಟ್ಟೆ.

“ಒಂದು ಗುಳಿಗಿ ಪುಡಿ ಮಾಡಿ ಒಂದು ಉಂಡ್ಯಾಗ ಕಟ್ಟು. ಮ್ಯಾಲೆ ದ್ರಾಕ್ಷಿ ಇಡು, ಗುರುತಿಗೆ. ಬೆಲ್ಲದಾಗ ಕಹಿ ಗೊತ್ತಾಗಂಗಿಲ್ಲ.”

“ಆಕಿಗೆ ಹೇಳಲಾರ್ದನ?”

“ಹೇಳಿದ್ರ ತಿಂತಾಳೇನು?”

“ಅಲ್ರೀ, ನನ್ನ ನಂಬಿ ಉಂಡಾಳ ಮಧ್ಯಾಹ್ನ,” ಎಂದಳು. ಕೈಯಲ್ಲಿದ್ದ ಉಂಡಿಯನ್ನು ತಟ್ಟೆಗಿಟ್ಟು, “ಮೋಸ ಆಗಂಗಿಲ್ಲೇನ್ರೀ ಇದು?” ಎಂದು ಕೇಳಿದಳು.

“ಔಷಧಿ ಇದು. ಆಕಿ ಒಳ್ಳೇದಕ್ಕ.”

ನನ್ನ ಮಾತಿನಲ್ಲಿ ಮೇಷ್ಟ್ರ ಜೋರು ಬಂದಿತ್ತು. ಅವಳು ಮತ್ತೆ ಕೇಳಲಿಲ್ಲ. ಊಟವಾದ ಮೇಲೆ ಅಕ್ಕನಿಗೆ ದ್ರಾಕ್ಷಿ ಇಟ್ಟ ಉಂಡಿ ಕೊಟ್ಟಳು, ತಾನು ಬೇರೆ ಉಂಡಿ ತೆಗೆದುಕೊಂಡು ಮೊದಲು ತಿಂದು ತೋರಿಸಿದಳು. ಅಕ್ಕ ತಿಂದಳು. ಬೆಳಗಿನವರೆಗೆ ಅಲ್ಲಾಡದೆ ಮಲಗಿದಳು.

ಮರುದಿನ ಹಾಲೆರೆಯುವ ಹಬ್ಬ. ನಮ್ಮ ನಡುಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ ಇದೆ. ಅದರ ಕೆಳಗಿನ ಮಣೆಯ ಮೇಲೆ ಮಣ್ಣಿನ ನಾಗಪ್ಪ ಕುಳಿತಿದ್ದ. ಅಪ್ಪನ ಕಾಲದಿಂದಲೂ ಎರಡೂ ನಮ್ಮ ಮನೆಯಲ್ಲಿ ನಡೆದುಬಂದಿವೆ. ಅಕ್ಕ ಮೈಗೆ ನೀರೆರೆದುಕೊಂಡು ಬಂದು ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು ಕುಳಿತಳು. ಅವಳ ಮಾತು ನಿಧಾನವಾಗಿತ್ತು, ಆದರೆ ತಪ್ಪಿರಲಿಲ್ಲ.

“ಅವ್ವನ ಪಾಲು. ಅಪ್ಪನ ಪಾಲು. ತಮ್ಮನ ಪಾಲು. ತಮ್ಮನ ಹೇಣ್ತಿ ಪಾಲು.” ಒಂದೊಂದು ಹೆಸರಿಗೂ ಒಂದೊಂದು ಹನಿ ಬಿಟ್ಟಳು. ಉಳಿಯದ ಕೂಸಿನ ಪಾಲನ್ನೂ ಎರೆದಳು. ಆಮೇಲೆ ಬಟ್ಟಲನ್ನು ಕೆಳಗಿಟ್ಟಳು.

“ನಿಮ್ಮ ಪಾಲು ಅಕ್ಕಾ?” ಎಂದಳು ಹೆಂಡತಿ.

“ನಂದು ನೀವು ಯಾರರ ಎರೀರಿ.”

ಹೆಂಡತಿ ಬಟ್ಟಲು ತೆಗೆದುಕೊಂಡು ಎರೆದಳು. ಆ ಹೊತ್ತಿನಲ್ಲಿ ನನಗೆ ಬಹಳ ಸಮಾಧಾನವಾಗಿತ್ತೆಂದು ಒಪ್ಪಿಕೊಳ್ಳಬೇಕು. ಅಕ್ಕ ಶಾಂತಳಾಗಿದ್ದಳು, ಹಬ್ಬ ಹಬ್ಬದಂತೆ ನಡೆದಿತ್ತು, ಎಲ್ಲ ನನ್ನ ಜಾಣತನದಿಂದ ಎಂದುಕೊಂಡಿದ್ದೆ. ಆ ಸಂಜೆಯೂ ಒಂದು ಉಂಡಿ ಹಾಗೆಯೇ ಹೋಯಿತು. ಮೂರನೆಯ ದಿನ ಬೆಳಿಗ್ಗೆ ಹೆಂಡತಿಗೆ ಹೇಳಿದೆ, “ಇವತ್ತು ಮುಂಜಾನೆನ ಕೊಡು. ಎರಡು ಹಾಕು. ಅವರು ಬಂದು ಹೋಗೋತನಕ ಮಲಗಿರ್ಲಿ.”

ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಒಂದು ಗುಳಿಗೆ ಅಕ್ಕನಿಗಾಗಿ ಎಂದು ಹೇಗೋ ವಾದಿಸಬಹುದು. ಎರಡನೆಯದು ಬ್ಯಾಂಕಿನ ಷಡ್ಡಕನಿಗಾಗಿ ಹಾಕಿಸಿದ್ದು.

ಹೆಂಡತಿ ಕಾಗದದ ಮೇಲೆ ಗುಳಿಗೆ ಇಟ್ಟು ಲಟ್ಟಣಿಗೆಯಿಂದ ಅರೆದು, ಉಂಡಿ ಕಟ್ಟಿ ಮುಗಿಸುವಷ್ಟರಲ್ಲಿ ಅಕ್ಕ ನೀರಿಗೆಂದು ಒಳಗೆ ಬಂದಳು. ಇಟ್ಟಿಗಿಯಿಂದ ತಂದಿದ್ದ ತನ್ನದೇ ಲೋಟ ಅವಳ ಕೈಯಲ್ಲಿತ್ತು. ಕಾಗದದ ಮೇಲೆ ಬಿಳಿ ಪುಡಿ ಇನ್ನೂ ಉಳಿದಿತ್ತು. ಪಕ್ಕದಲ್ಲಿ ಗುಳಿಗೆಯ ಹಾಳೆ ಬಿದ್ದಿತ್ತು. ಅವಳು ಅದನ್ನು ಗುರುತಿಸದೆ ಇರಲು ಸಾಧ್ಯವೇ ಇರಲಿಲ್ಲ.

“ಏನದು?” ಎಂದ ದನಿ ಕೇಳಿ ನಾನು ನಡುಮನೆಯಿಂದ ಓಡಿದೆ.

“ಸಕ್ಕರಿ ಪುಡಿ ಅಕ್ಕಾ. ಉಂಡಿಗೆ,” ಎಂದೆ.

ಅಕ್ಕ ನನ್ನ ಕಡೆ ನೋಡಲಿಲ್ಲ. “ನೀ ಹೇಳವ್ವಾ,” ಎಂದಳು ಹೆಂಡತಿಗೆ. ಹೆಂಡತಿ ನನ್ನ ಮುಖ ನೋಡಿದಳು. ತಪ್ಪೆಲ್ಲ ಅವಳದೇ ಎನ್ನುವಂತೆ ಅವಳು ನಿಂತಿದ್ದಳು. ನಾನೂ ಹಾಗೇ ನಿಲ್ಲಲು ಬಿಟ್ಟೆ.

“ನಿನ್ನೆನೂ ಸಕ್ಕರಿನ? ಮೊನ್ನೆನೂ?”

“ಹ್ಞೂಂ ಅಕ್ಕಾ,” ಎಂದೆ ನಾನೇ.

ಅಕ್ಕ ದ್ರಾಕ್ಷಿ ಇಟ್ಟಿದ್ದ ಉಂಡಿಯನ್ನು ತಟ್ಟೆಯಿಂದ ಎತ್ತಿ ನನ್ನ ಮುಂದೆ ಹಿಡಿದಳು. “ಹಂಗಾರ ನೀ ತಿನ್ನು.”

ಎದುರಿಗೆ ನಿಂತು, ಅಕ್ಕಾ ತಪ್ಪಾಯಿತು, ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ತಿನ್ನದಿದ್ದರೆ ಇವಳು ಇನ್ನು ಈ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ ಎನ್ನಿಸಿತು. ಉಂಡಿ ತೆಗೆದುಕೊಂಡು ಕಚ್ಚಿದೆ. ಬೆಲ್ಲ, ಶೇಂಗಾ, ಏಲಕ್ಕಿ ಎಲ್ಲ ದಾಟಿದ ಮೇಲೆ ನಾಲಿಗೆಯ ಹಿಂದೆ ಕಹಿ ಗೊತ್ತಾಗುತ್ತಿತ್ತು. ಎರಡು ದಿನ ಅವಳಿಗೂ ಗೊತ್ತಾಗಿರಬೇಕು. ಗೊತ್ತಾಗಿಯೂ ತಿಂದಿರಬೇಕು, ಕೊಟ್ಟವರು ನಾವು ಎಂಬ ಕಾರಣಕ್ಕೆ. ಕೊನೆಯ ಚೂರು ನುಂಗುವ ತನಕ ಅವಳು ನನ್ನ ಗಂಟಲನ್ನು ನೋಡುತ್ತಿದ್ದಳು. ಆಮೇಲೆ ಲೋಟ ಹಿಡಿದು ಹಿತ್ತಲಿಗೆ ಹೋದಳು.

ಅರ್ಧ ಗಂಟೆಯಲ್ಲಿ ನಾಲಿಗೆ ಅರಿವೆಯ ತುಂಡಿನಂತೆ ದಪ್ಪವಾಯಿತು. ಬಾಗಿಲಲ್ಲಿ ಬೀಗರ ಕಾರು ನಿಂತ ಸದ್ದು ಕೇಳಿ ಎದ್ದೆ. ಎದ್ದವನಿಗೆ ಕಣ್ಣು ಕತ್ತಲಿಟ್ಟಿತು, ಗೋಡೆ ಹಿಡಿದುಕೊಂಡೆ. “ಬರ್ರಿ, ಬರ್ರಿ,” ಎನ್ನಬೇಕೆಂದರೆ ಮಾತು ತೊದಲಿತು. ಹೆಂಡತಿ ನನ್ನ ರಟ್ಟೆ ಹಿಡಿದು ಒಳಕೋಣೆಯ ಮಂಚದ ಮೇಲೆ ಮಲಗಿಸಿ, “ಮೈಯಾಗ ಸ್ವಲ್ಪ ಆರಾಮಿಲ್ಲ ಅವರಿಗೆ,” ಎಂದು ಹೊರಗಿನವರಿಗೆ ಹೇಳಿದ್ದು ಕೇಳಿಸಿತು. ಪ್ರತಿ ಗಳಿಗೆಗೊಮ್ಮೆ ಬಂದು ಉಸಿರು ನೋಡಿ ಹೋಗುತ್ತಿದ್ದಳು.

ಆ ಮಧ್ಯಾಹ್ನವನ್ನು ನಾನು ಪೂರ್ತಿ ಮಲಗಿಯೂ ಕಳೆಯಲಿಲ್ಲ, ಎಚ್ಚರದಲ್ಲೂ ಕಳೆಯಲಿಲ್ಲ. ಹೊರಗೆ ಜೋಕಾಲಿ ಜೀಕುವ ಸದ್ದು, ನಾದಿನಿಯರ ನಗು, ತಟ್ಟೆಗಳ ಸದ್ದು ಕೇಳುತ್ತಿತ್ತು. ಎದ್ದು ಹೋಗಬೇಕೆಂದು ಮನಸ್ಸು ಹೇಳುತ್ತಿತ್ತು. ಕೈ ಎತ್ತಲು ನೋಡಿದರೆ ಅದು ಯಾರದೋ ಕೈಯಂತೆ ಹಾಸಿಗೆಯ ಮೇಲೆಯೇ ಬಿದ್ದಿರುತ್ತಿತ್ತು. ಬಾಯಿ ಒಣಗಿತ್ತು. ತಲೆಯೊಳಗೆ ಒಂದು ವಿಚಾರ ಹುಟ್ಟಿ ಕೊನೆಮುಟ್ಟುವ ಮೊದಲೇ ಕರಗುತ್ತಿತ್ತು. ಅಕ್ಕ ಈ ಭಾರ ಹೊತ್ತುಕೊಂಡು ರೊಟ್ಟಿ ಬಡಿದಿದ್ದಳು, ನೀರು ಹೊತ್ತಿದ್ದಳು. ಗುಳಿಗೆ ನುಂಗುವ ದಿನಗಳಲ್ಲಿ ಅವಳು ತಡವಾಗಿ ಏಳುತ್ತಾಳೆಂದು ಅವಳ ಅತ್ತೆ ಬದುಕಿರುವ ತನಕ ಬೈದಿದ್ದರು. ನಾನೂ ಒಮ್ಮೆ, “ಇಷ್ಟೊತ್ತಿನ ತನಕ ಮಲಗ್ತಾರೇನಕ್ಕಾ?” ಎಂದು ಗದರಿದ್ದೆ.

ಕಣ್ಣು ತೆರೆದಾಗ ಬಿಸಿಲು ಇಳಿದಿತ್ತು. ಬೀಗರು ಹೋಗಿಯಾಗಿತ್ತು. ಮಂಚದ ಪಕ್ಕ ನೆಲದ ಮೇಲೆ ಅಕ್ಕ ಕುಳಿತಿದ್ದಳು. ನಾನು ಮಲಗಿದಾಗಿನಿಂದ ಅಲ್ಲಿಯೇ ಕುಳಿತಿದ್ದಾಳೆ, ಊಟ ಮಾಡಿಲ್ಲ, ಜೋಕಾಲಿಗೂ ಬರಲಿಲ್ಲ ಎಂದು ಹೆಂಡತಿ ಆಮೇಲೆ ಹೇಳಿದಳು.

“ಬಾಯಿ ಒಣಗೈತೇನು?” ಎಂದು ಕೇಳಿದಳು ಅಕ್ಕ.

“ಹ್ಞೂಂ.”

ತನ್ನ ಲೋಟದಲ್ಲಿ ನೀರು ಕೊಟ್ಟಳು. ನಾನು ಏಳಲು ಹೋದರೆ ಎದೆಯ ಮೇಲೆ ಕೈಯಿಟ್ಟು ತಡೆದಳು. “ಒಮ್ಮಿಗೇ ನಿಂದರಬ್ಯಾಡ. ಮೊದ್ಲು ಕುಂದ್ರು. ಕಾಲು ಇಳಿಬಿಡು. ಸ್ವಲ್ಪ ತಡದು ಎದ್ದೇಳು. ಇಲ್ಲಾಂದ್ರ ಕಣ್ಣು ಕತ್ಲಿ ಬಂದು ಬೀಳ್ತಿ.”

ಅವಳು ಹೇಳಿದಂತೆ ಮಾಡಿದೆ. ಇಪ್ಪತ್ತು ವರ್ಷ ಬಿದ್ದು ಎದ್ದು ಕಲಿತದ್ದನ್ನು ಅವಳು ನನಗೆ ಹೇಳಿಕೊಡುತ್ತಿದ್ದಳು.

“ಸಕ್ಕರಿ ತಿಂದ್ರ ಹಿಂಗ ಆಕ್ಕತೇನ್ಲೇ ತಮ್ಮಾ?” ಎಂದಳು. ಸಿಟ್ಟಿನಿಂದ ಕೇಳಲಿಲ್ಲ.

“ಅಕ್ಕಾ, ನಾನ ಹಾಕ್ಸಿದ್ದು. ಆಕಿದೇನೂ ತಪ್ಪಿಲ್ಲ.”

“ಗೊತ್ತೈತಿ. ಆಕಿ ನಿನ್ನ ಮಾರಿ ನೋಡಿದ್ಲಲ್ಲ.” ಲೋಟ ಕೆಳಗಿಟ್ಟು ಅಂದಳು, “ಯಾರೂ ಏನೂ ಬೆರಸಂಗಿಲ್ಲ, ಅದು ನಿನ್ನ ತಲ್ಯಾಗಿಂದು ಅಂತ ಡಾಕ್ಟ್ರು ಹೇಳ್ತಿದ್ರು. ನಾನೂ ಹೌದನ್ನಾಕತ್ತಿದ್ದೆ.”

ಅವಳ ಕಾಯಿಲೆ ಯಾವುದನ್ನು ಹೇಳಿ ಹೆದರಿಸುತ್ತಿತ್ತೋ ಅದನ್ನು ನಾನು ನಿಜ ಮಾಡಿಬಿಟ್ಟಿದ್ದೆ.

ಆ ದಿನದಿಂದ ಅಕ್ಕ ನಮ್ಮ ಅಡುಗೆ ಮುಟ್ಟಲಿಲ್ಲ. ಸಿಪ್ಪೆ ಇರುವುದನ್ನು ಮಾತ್ರ ತಿಂದಳು. ಬಾಳೆಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲೂ ತೂತಿಲ್ಲ ಎಂದು ಖಾತ್ರಿ ಮಾಡಿಕೊಂಡು ಸುಲಿಯುತ್ತಿದ್ದಳು. ಮೊಟ್ಟೆಯನ್ನು ತಾನೇ ಬೇಯಿಸಿ ತಾನೇ ಸುಲಿದುಕೊಳ್ಳುತ್ತಿದ್ದಳು. ನೀರನ್ನು ತಾನೇ ನಲ್ಲಿಯಿಂದ ಹಿಡಿಯುತ್ತಿದ್ದಳು. ಹೆಂಡತಿ ಮೊದಲಿನಂತೆ ಪಕ್ಕದಲ್ಲಿ ಕುಳಿತು ರೊಟ್ಟಿ ಮುರಿದು ತಿಂದು ತೋರಿಸಿದಳು. ಅಕ್ಕ ಅವಳ ತಲೆ ಸವರಿದಳು.

“ನೀ ಒಳ್ಳೇಕಿ ಅದಿ. ಆದ್ರ ಅವ ಹೇಳಿದ್ರ ಕೇಳ್ತಿ,” ಎಂದಳು.

ಹೆಂಡತಿ ಒಳಗೆ ಹೋಗಿ ಅತ್ತಳು. ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ದಾವಣಗೆರೆಯ ಡಾಕ್ಟರಿಗೆ ಫೋನು ಹಚ್ಚಿದೆ. ಹಬ್ಬದ ರಜೆ, ಯಾರೂ ಎತ್ತಲಿಲ್ಲ. ನಮ್ಮ ಊರಿನ ಆಸ್ಪತ್ರೆಗೆ ಮನಸ್ಸಿನ ಕಾಯಿಲೆಯ ಡಾಕ್ಟರು ಬರುವುದು ತಿಂಗಳಿಗೊಂದು ಸಲ. ಅದಕ್ಕೆ ಇನ್ನೂ ಆರು ದಿನ ಇತ್ತು. ಆ ಆರು ದಿನ ನಾನು ಶಾಲೆಗೆ ಹೋಗಿ ಪಾಠ ಮಾಡಿ ಬಂದೆ. ಬರುವಾಗ ದಿನವೂ ಬಾಳೆಹಣ್ಣು ತಂದೆ. ಅಕ್ಕ ಗೋಡೆಯ ಜೊತೆ ಜಗಳವಾಡುವುದು ಹೆಚ್ಚಾಯಿತು. ಈಗ ಆ ಜಗಳದಲ್ಲಿ ನನ್ನ ಹೆಸರೂ ಬರುತ್ತಿತ್ತು. “ಅವನ್ನ ಬೈಬ್ಯಾಡ್ರಿ. ಸಣ್ಣಾವ ಅದಾನ,” ಎಂದು ಗೋಡೆಗೆ ಹೇಳುತ್ತಿದ್ದಳು. ಬಾಗಿಲ ಮರೆಯಲ್ಲಿ ನಿಂತು ನಾನು ಕೇಳಿಸಿಕೊಳ್ಳುತ್ತಿದ್ದೆ.

ಅಕ್ಕ ಆಸ್ಪತ್ರೆಗೆ ಬರಲು ಒಪ್ಪಿದ್ದೇ ನನ್ನ ಪುಣ್ಯ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಅಕ್ಕನ ಎದುರಿಗೇ ಎಲ್ಲವನ್ನೂ ಹೇಳಿದೆ, ಎರಡನೆಯ ಗುಳಿಗೆಯ ಸಂಗತಿಯನ್ನೂ. ಅವರು ನನಗೇನೂ ಅನ್ನದೆ ಅಕ್ಕನ ಕಡೆ ತಿರುಗಿದರು.

“ನೀವು ಹೇಳ್ರಿ ಅಮ್ಮಾ. ಗುಳಿಗಿ ತಗೊಂಡ್ರ ನಿಮಗ ಏನ್ ತ್ರಾಸು ಆಕ್ಕತಿ?”

ಇಷ್ಟು ವರ್ಷದಲ್ಲಿ ನಾವ್ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಅಕ್ಕ ನಿಧಾನವಾಗಿ ಹೇಳಿದಳು. ಹೆಂಚಿನ ಮೇಲೆ ರೊಟ್ಟಿ ಸೀಯುವುದು ಕಣ್ಣಿಗೆ ಕಂಡರೂ ಕೈ ಏಳುವುದಿಲ್ಲ ಎಂದಳು. ಬಾಯಿಂದ ಜೊಲ್ಲು ಸುರಿಯುತ್ತದೆ, ಜನರ ಮುಂದೆ ನಾಚಿಕೆಯಾಗುತ್ತದೆ ಎಂದಳು. ಸತ್ತ ಕೂಸನ್ನು ನೆನೆಸಿಕೊಂಡರೂ ಅಳು ಬರುವುದಿಲ್ಲ, ಅದು ಎಲ್ಲಕ್ಕಿಂತ ಕಷ್ಟ ಎಂದಳು. ಡಾಕ್ಟರು ಬರೆದುಕೊಂಡರು. ಬೇರೆ ಗುಳಿಗೆ ಕೊಟ್ಟರು, ಕಡಿಮೆ ಪ್ರಮಾಣದ್ದು. ನನಗೆ ಒಂದೇ ಮಾತು ಹೇಳಿದರು, “ಇನ್ಮ್ಯಾಲೆ ಕದ್ದು ಕೊಡಬ್ಯಾಡ್ರಿ ಸರ್.”

ನಾನು ಕೆಡಿಸಿದ್ದನ್ನು ಸರಿಮಾಡುವುದು ಹೇಗೆ ಎಂದು ಕೇಳಬೇಕೆಂದಿದ್ದೆ. ಹೊರಗೆ ಸಾಲು ಗೇಟಿನ ತನಕ ಇತ್ತು. ಎದ್ದು ಬಂದೆವು.

ಅಕ್ಕ ಹೊಸ ಗುಳಿಗೆಯ ಹಾಳೆಯನ್ನು ನೋಡಿ ಚೀಲಕ್ಕೆ ಹಾಕಿಕೊಂಡಳು. “ನುಂಗ್ತೀಯೇನಕ್ಕಾ?” ಎಂದೆ. “ನೋಡೂಣು,” ಎಂದಳು. ಆಸ್ಪತ್ರೆಯ ಮೆಟ್ಟಿಲ ಮೇಲೆಯೇ, “ನನ್ನ ಇಟ್ಟಿಗಿಗೆ ಬಿಟ್ಟು ಬಾ,” ಎಂದಳು.

“ಇನ್ನ ನಾಕು ದಿನ ಇರು. ಅಲ್ಲಿ ಬೈತಾರ ನಿನಗ.”

“ಬೈತಾರ. ಎದುರಿಗೇ ಬೈತಾರ,” ಎಂದಳು.

ಮರುದಿನ ಬಿಟ್ಟು ಬಂದೆ. ಮಾವ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಹಬ್ಬಕ್ಕ ಹೋದಾಕಿ ಮತ್ತಿಷ್ಟು ಸೊರಗಿ ಬಂದಾಳಲ್ಲ ಮೇಷ್ಟ್ರ?” ನಾನು ನಡೆದದ್ದನ್ನು ಹೇಳಿ, “ನೀವೂ ಅನ್ನದಾಗ ಹಾಕಬ್ಯಾಡ್ರಿ ಮಾವ. ಕೈಯಾಗ ಕೊಡ್ರಿ. ಒಲ್ಲೆ ಅಂದ್ರ ಬಿಡ್ರಿ,” ಎಂದೆ.

“ಬಿಟ್ಟು? ಆಮ್ಯಾಕ ಏನ್ ಮಾಡ್ಲಿ, ಅದನ್ನೂ ಹೇಳ್ರಿ.”

ಅವರು ನನ್ನ ಮುಖವನ್ನೊಮ್ಮೆ ನೋಡಿ, ಎದ್ದು, ಒಲೆ ಹಚ್ಚಲು ಒಳಗೆ ಹೋದರು.

ದೀಪಾವಳಿಗೆ ಕರೆಯಲು ಫೋನು ಮಾಡಿದಾಗ ಅಕ್ಕ ಬರುವುದಿಲ್ಲ ಎಂದಳಂತೆ. ಹೊಸ ಗುಳಿಗೆಯನ್ನು ಒಂದು ವಾರ ತಾನಾಗಿಯೇ ನುಂಗುತ್ತಾಳೆ, ಇನ್ನೊಂದು ವಾರ ಬಿಡುತ್ತಾಳೆ ಎಂದು ಮಾವ ಹೇಳಿದರು. ಹಬ್ಬದ ಸಂಜೆ ನಮ್ಮ ಓಣಿಯಲ್ಲಿ ಪಟಾಕಿ ಶುರುವಾದಾಗ ಅವಳು ಹೇಗಿದ್ದಾಳೋ ಎನ್ನಿಸಿ ಮತ್ತೆ ಫೋನು ಮಾಡಿದೆ. ಕಿವಿಗೆ ಅರಳೆ ಇಟ್ಟುಕೊಂಡು ಒಳಗೆ ಜೋಳದ ಚೀಲಗಳ ನಡುವೆ ಕುಳಿತಿದ್ದಾಳೆಂದು ಹೇಳಿ ಮಾವ ಫೋನನ್ನು ಅವಳಿಗೆ ಕೊಟ್ಟರು.

“ಅಕ್ಕಾ, ನಾನು.”

“ಹೊಡ್ಯಾಕತ್ಯಾರ ತಮ್ಮಾ,” ಎಂದಳು.

ಗುಳಿಗೆ ತೆಗೆದುಕೊಂಡೆಯಾ ಎಂದು ಕೇಳಲು ಬಾಯಿ ಬರಲಿಲ್ಲ. ಊಟವಾಯಿತಾ ಎಂದು ಕೇಳಲಂತೂ ಬಾಯಿ ಬರಲೇ ಇಲ್ಲ. ತಮ್ಮನೊಬ್ಬ ಅಕ್ಕನನ್ನು ಕೇಳುವ ಮಾತುಗಳನ್ನೆಲ್ಲ ನಾನು ಕೆಡಿಸಿಕೊಂಡಿದ್ದೆ. ಫೋನನ್ನು ಕಿವಿಗೆ ಒತ್ತಿಕೊಂಡು ಅಂಗಳದಲ್ಲಿ ನಿಂತೆ. ಒಂದು ಪಟಾಕಿ ನಮ್ಮ ಓಣಿಯಲ್ಲಿ ಸಿಡಿಯುತ್ತಿತ್ತು, ಇನ್ನೊಂದು ಫೋನಿನೊಳಗೆ ಇಟ್ಟಿಗಿಯಲ್ಲಿ ಸಿಡಿಯುತ್ತಿತ್ತು. ಪ್ರತಿಯೊಂದಕ್ಕೂ ಅವಳ ಉಸಿರು ತಡೆದು ನಿಲ್ಲುವುದು ಕೇಳುತ್ತಿತ್ತು.

“ಇನ್ನ ಮುಗುದಿಲ್ಲ,” ಎಂದಳು ಅಕ್ಕ.

“ಹ್ಞೂಂ. ಇಲ್ಲೂ ಮುಗುದಿಲ್ಲ,” ಎಂದೆ.

ಮಾವನ ಫೋನಿನ ಚಾರ್ಜು ತೀರುವ ತನಕ ಇಬ್ಬರೂ ಹಾಗೇ ಕೇಳುತ್ತ ಇದ್ದೆವು.